ಬಿಸಿಲಿಗೊಂದು ತಿದ್ದುಪಡಿ

ಬೆಂಗಳೂರಿನ ಹವೆ ನನಗೆ ಹಿಡಿಸುವುದಿಲ್ಲ ಎಂದರೆ, ಸೇಡಂ ಕಡೆಯ ಈ ಮನುಷ್ಯನ ನೆತ್ತಿಗೆ ಬಿಸಿಲೇರಿದೆ ಎಂದೇ ಕೇಳಿದವರು ತಿಳಿಯುತ್ತಾರೆ. ಅಲ್ಲಿರುವ ನಮ್ಮ ಬೀಗರಂತೂ ಫೋನು ಮಾಡಿದರೆ ಮೊದಲು ತಮ್ಮೂರಿನ ಡಿಗ್ರಿ ಹೇಳಿ ಆಮೇಲೆ ನಮ್ಮದು ಕೇಳುತ್ತಾರೆ. ಅವರ 29ಕ್ಕೆ ನಾನು 43 ಅಂದಾಗ ಅವರಿಗಾಗುವಷ್ಟು ಸಂತೋಷ ಮಕ್ಕಳ ಲಗ್ನದಲ್ಲಿಯೂ ಆದಂತೆ ಕಾಣಲಿಲ್ಲ. ನನ್ನ ತಕರಾರು ಇಷ್ಟೇ: ಹವೆ ಅಂದಮೇಲೆ ಅದನ್ನು ಬೈಯಲಿಕ್ಕಾದರೂ ಬರಬೇಕು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾಗಿ, ಗುರುತಿಲ್ಲದ ಇಬ್ಬರು ಒಂದೇ ಬೆಂಚಿನ ಮೇಲೆ ಕೂತರೆನ್ನಿ; “ಏನ್ ಝಳ ಅದರೀ ಯಪ್ಪಾ” ಎಂಬಲ್ಲಿಂದ ಶುರುವಾದ ಮಾತು ಬೆಳಗಾಗುವಷ್ಟರಲ್ಲಿ ಹೆಣ್ಣು ನೋಡಲು ಬರುವ ದಿನ ಗೊತ್ತು ಮಾಡುವ ತನಕ ಬಂದಿರುತ್ತದೆ. 29 ಡಿಗ್ರಿಯಲ್ಲಿ ಯಾವ ಸಂಬಂಧವೂ ಕುದುರುವುದಿಲ್ಲ.

ಹಾಗೆಂದು, ಇದ್ದ ಹವೆ ಇದ್ದಂತೆಯೇ ಇರಲಿ ಎನ್ನುವಷ್ಟು ಅಭಿಮಾನಿ ನಾನಲ್ಲ. ನಮ್ಮ ಭಾಗಕ್ಕಾಗಿ 2012ರಲ್ಲಿ ಸಂವಿಧಾನವನ್ನೇ ತಿದ್ದಿ 371(ಜೆ) ಸೇರಿಸಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ನೌಕರಿಗೆ, ಕಾಲೇಜಿನ ಸೀಟಿಗೆ ಮೀಸಲಾತಿ ಬಂತು. ಬಿಸಿಲಿನ ಬಾಬತ್ತು ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅದು ಮೊದಲಿಂದಲೂ ನೂರಕ್ಕೆ ನೂರು ಸ್ಥಳೀಯರಿಗೇ ಮೀಸಲು. ಆ ಬಾಬತ್ತಿನಲ್ಲಿ ನನ್ನವು ಕೆಲವು ತಿದ್ದುಪಡಿಗಳಿವೆ.

ಬೇಸಿಗೆ ಬೇಕು. ಆದರೆ ಅದಕ್ಕೂ ಕೆಲಸದ ವೇಳೆ ಎಂಬುದಿರಬೇಕು. ಈ ದಿಕ್ಕಿನಲ್ಲಿ ಸರ್ಕಾರ ನನಗಿಂತ ಮೊದಲೇ ಯೋಚಿಸಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಗೊತ್ತುಮಾಡಿ ಆದೇಶ ಹೊರಡುತ್ತದೆ. ಆದೇಶದ ಪ್ರತಿ ಎಲ್ಲ ಇಲಾಖೆಗಳಿಗೂ ಹೋಗುತ್ತದೆ, ಸೂರ್ಯನಿಗೊಂದು ಬಿಟ್ಟು. ಹೀಗಾಗಿ ತಂಪು ಹೊತ್ತಿನಲ್ಲಿ ಗೋಡೆಗಳ ನಡುವೆ ಕೂತು ಕೆಲಸ ಮಾಡಿದ ನೌಕರರನ್ನೆಲ್ಲ, ಬಿಸಿಲು ಮೈತುಂಬ ಬಲ ತಂದುಕೊಂಡ ಒಂದೂವರೆಗೆ ಸರಿಯಾಗಿ ರಸ್ತೆಗೆ ಬಿಡಲಾಗುತ್ತದೆ. ನೌಕರಿಯಲ್ಲಿದ್ದಷ್ಟು ವರ್ಷ ನಾನೂ ದಸ್ತಿ ತೋಯಿಸಿ ತಲೆಗೆ ಸುತ್ತಿಕೊಂಡು, ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಂಡು ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದವನೇ. ಕಿಸೆಯ ಉಳ್ಳಾಗಡ್ಡಿ ಝಳ ಹೀರಿಕೊಳ್ಳುತ್ತದೆ ಎಂದು ಮುತ್ಯಾ ಹೇಳುತ್ತಿದ್ದ. ಹೀರಿಕೊಂಡಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಬಂದು ಕೂರುವುದಿಲ್ಲ, ಅಷ್ಟು ಗಾಳಿ ಹೆಚ್ಚು ಬರುತ್ತದೆ ಎಂಬುದು ಮಾತ್ರ ಖರೆ.

ಇನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇವೆಲ್ಲ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಹೀಗಾಗಿ ಮೇ ಎರಡನೇ ವಾರದ ಹೊತ್ತಿಗೆ ಒಂದು ದಿನ, ಮಧ್ಯಾಹ್ನ ಹನ್ನೆರಡೂ ಕಾಲರ ಸುಮಾರಿಗೆ, ಸೂರ್ಯ ಒಂದು ಕೂದಲೂ ಆಚೀಚೆ ಇಲ್ಲದೆ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ಆಗ ನೆರಳಿರುವುದಿಲ್ಲ. ಮನುಷ್ಯನ ಸ್ವಂತ ನೆರಳು ಕೂಡ ಹೊರಗೆ ಬರಲು ಒಪ್ಪದೆ ಚಪ್ಪಲಿಯ ಕೆಳಗೆ ಸೇರಿಕೊಳ್ಳುತ್ತದೆ. ಇದೇ ಯೋಗ ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಬರುತ್ತದಂತೆ, ಆದರೆ ಆಗ ಮೋಡದ ಪರದೆ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮೇ ತಿಂಗಳಿನದನ್ನೂ ಆಗಸ್ಟಿಗೇ ಸೇರಿಸಿ ಎರಡನ್ನೂ ಒಟ್ಟಿಗೆ ಮುಗಿಸಬೇಕು ಎಂಬುದು ನನ್ನ ವಿನಂತಿ.

ಇಷ್ಟೆಲ್ಲ ಆದಮೇಲೂ ನಾನು ಬೇಸಿಗೆಯನ್ನು ರದ್ದು ಮಾಡಿ ಎನ್ನದಿರಲು ಕಾರಣ ಶಹಾಬಾದದ ಕಲ್ಲು. ನಾವು ಫರಸಿ ಎನ್ನುವ ಈ ಸುಣ್ಣದ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ, ಎಬ್ಬಿಸಿದರೆ ಹಲಗೆ ಹಲಗೆಯಾಗಿಯೇ ಏಳುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ನೆಲಕ್ಕೂ ಅದೇ, ಕಟ್ಟೆಗೂ ಅದೇ, ಎಷ್ಟೋ ಕಡೆ ಮಾಳಿಗೆಗೂ ಅದೇ. ಕಲ್ಲು ಜಡ, ಬಿಸಿಲು ಬಂದಿದೆ ಎಂಬ ಸುದ್ದಿ ಅದರ ಹೊಟ್ಟೆಗೆ ಮುಟ್ಟಲು ಅರ್ಧ ದಿನ ಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ಮುಚ್ಚಿ, ಫರಸಿಯ ಮೇಲೆ ಒಂದು ಚರಿಗೆ ನೀರು ಚೆಲ್ಲಿ ಒರೆಸಿ, ಅಂಗಿ ಕಳಚಿ, ಬರಿ ಬೆನ್ನು ಊರಿ ಮಲಗಿ ನೋಡಿ. ಹೊರಗೆ ನಾಯಿ ಕೂಡ ಇರುವುದಿಲ್ಲ, ರಸ್ತೆ ಹೊಳೆಯುತ್ತಿರುತ್ತದೆ, ಒಳಗೆ ಬೆನ್ನಿನಿಂದ ಒಂದು ತಂಪು ಮೆಲ್ಲಗೆ ಕುತ್ತಿಗೆಯ ತನಕ ಏರುತ್ತದೆ. ಮೈ ಶಾಖಕ್ಕೆ ಕಲ್ಲು ಬೆಚ್ಚಗಾದರೆ ಪಕ್ಕದ ಕಲ್ಲಿಗೆ ಉರುಳಿದರಾಯಿತು. ನಾನು ಬಯಸುವ ಹವೆಯ ಒಟ್ಟು ವಿಸ್ತೀರ್ಣ ಕೇಳಿದರೆ ಆರಡಿ ಉದ್ದ, ಮೂರಡಿ ಅಗಲ ಎನ್ನುತ್ತೇನೆ. ಊಟಿ ಇದರ ಮುಂದೆ ಏನೂ ಅಲ್ಲ. ಊಟಿಯಲ್ಲಿ ಹೊರಗೂ ತಂಪು, ಒಳಗೂ ತಂಪು. ಗೆದ್ದ ಸುಖವೇ ಇಲ್ಲ.

ಆದರೆ ಇದೇ ಕಲ್ಲು ರಾತ್ರಿ ಬಣ್ಣ ಬದಲಿಸುತ್ತದೆ. ಹಗಲೆಲ್ಲ ಸೂರ್ಯನಿಂದ ಕೈಗಡ ತಂದಿದ್ದನ್ನು ಮಾಳಿಗೆಯ ಕಲ್ಲು ಒಂಬತ್ತು ಗಂಟೆಗೆ ಸಾಹುಕಾರನಂತೆ ಬಡ್ಡಿ ಸಮೇತ ನಮ್ಮ ಮೇಲೆ ಸುರಿಯುತ್ತದೆ. ಆಗ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಬೇಕು, ನಸುಕಿನ ಮೂರರ ಗಾಳಿಗೆ ಕಾಯಬೇಕು. ಈಗಿನವರು ಈ ತಾಪತ್ರಯವೇ ಬೇಡವೆಂದು ಗುಜರಾತಿನ ಮೊರ್ಬಿಯಿಂದ ಬಂದ ನುಣುಪು ಟೈಲ್ಸ್ ಹಾಕಿಸುತ್ತಾರೆ. ಊರೂರಿಗೆ ಲಾರಿಗಟ್ಟಲೆ ಫರಸಿ ಕಳಿಸುವ ಊರಿನಲ್ಲೇ ಮನೆಯೊಳಗೆ ಮೊರ್ಬಿ ಟೈಲ್ಸು! ಅದರ ಮೇಲೆ ಮಲಗಿದರೆ ಬೆನ್ನು ಅಂಟುತ್ತದೆ. ಹೇಳಿದರೆ, “ಕಾಕಾ, ಮಲಗಲಿಕ್ಕೆ ಪಲ್ಲಂಗ ಅದಲ್ಲ” ಎನ್ನುತ್ತಾರೆ.

ನಮ್ಮ ಬಿಸಿಲಿನ ದೊಡ್ಡ ಗುಣ ಅದರ ಒಣತನ. ಗಾಳಿಯಲ್ಲಿ ಪಸೆಯಿಲ್ಲದ ಕಾರಣ ನೀರು ಕಂಡಲ್ಲಿ ಹೀರಿಬಿಡುತ್ತದೆ, ಹೀರುವಾಗ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಹೀಗಾಗಿಯೇ ಬಾಗಿಲ ಹೊರಗಿನ ರಂಜಣಿಗೆಯ ನೀರು ಝಳ ಹೆಚ್ಚಾದಷ್ಟೂ ತಂಪಾಗುವುದು. ಹುಲ್ಲಿನ ಪರದೆಯ ಕೂಲರು ಸೇಡಂನಲ್ಲಿ ದೇವರಾಗಿ, ಮಂಗಳೂರಿನಲ್ಲಿ ಬರೇ ಸಪ್ಪಳ ಮಾಡುವ ಡಬ್ಬಿಯಾಗುವುದು. ಆದ್ದರಿಂದ ನೆತ್ತಿ ಸುಟ್ಟರೂ ಚಿಂತೆಯಿಲ್ಲ, ಅಂಗಿ ಬೆನ್ನಿಗೆ ಅಂಟಬಾರದು. ಈ ಷರತ್ತನ್ನು ಮುರಿಯುವುದು ಮೇ 25ರ ಸುಮಾರಿಗೆ ಹೂಡುವ ರೋಹಿಣಿ ಮತ್ತು ಜೂನ್ 7–8ಕ್ಕೆ ಬರುವ ಮಿರಗದ ನಡುವಿನ ದಿನಗಳು. ಬಿಸಿಲು ಹೋಗಿರುವುದಿಲ್ಲ, ಮಳೆ ಬಂದಿರುವುದಿಲ್ಲ, ಒಂದೆರಡು ಹನಿ ಬಿದ್ದು ನೆಲದ ಕುದಿಯೆಲ್ಲ ಮೇಲೆದ್ದಿರುತ್ತದೆ, ಕೂಲರು ಮುಖದ ಮೇಲೆ ಹಬೆ ಊದುತ್ತಿರುತ್ತದೆ. ನಾಲ್ಕು ಗುಡುಗಿಗೆ ಕರೆಂಟು ಬೇರೆ ಹೋಗುತ್ತದೆ. ಈ ಎರಡು ವಾರಗಳನ್ನು ಪಂಚಾಂಗದಿಂದಲೇ ಕಿತ್ತುಹಾಕಬೇಕು.

ಪಂಚಾಂಗ ಎಂದಾಗ ನೆನಪಾಯಿತು. ಅದರಲ್ಲಿ ಪ್ರತಿ ಮಳೆ ನಕ್ಷತ್ರಕ್ಕೂ ಒಂದು ವಾಹನ ಬರೆದಿರುತ್ತದೆ. ಈ ಸಲ ಮಿರಗ ಕೋಣನ ಮೇಲೋ ಕಪ್ಪೆಯ ಮೇಲೋ ಬಂದರೆ ಮಳೆ ಜೋರು. ನರಿ ಸಿಕ್ಕರೆ ಬಿತ್ತನೆ ಬೀಜ ಮನೆಯಲ್ಲೇ. ವಾಹನ ಯಾವುದಾದರೂ ಇರಲಿ, ನನ್ನ ತಿದ್ದುಪಡಿ ವೇಳೆಯ ಬಗ್ಗೆ: ಮಳೆ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಐದಕ್ಕೆ ನಿಲ್ಲಬೇಕು. ಎರಿ ಮಣ್ಣಿನ ಊರಿನಲ್ಲಿ ಹಗಲು ಮಳೆ ಬಂದರೆ ಹೆಜ್ಜೆಗೊಂದು ಪದರ ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಹೊಲದಿಂದ ಮನೆಗೆ ಬರುವಷ್ಟರಲ್ಲಿ ಮನುಷ್ಯ ಮೂರು ಇಂಚು ಎತ್ತರವಾಗಿರುತ್ತಾನೆ. ಆದರೆ ಇಲ್ಲಿ ಎಲ್ಲರ ಅರ್ಜಿಯೂ ಒಂದೇ ಥರ ಇರುವುದಿಲ್ಲ. ಶಹಾಬಾದದ ಕಲ್ಲಿನ ಗಣಿಗಳಿಗೆ ಮಳೆ ಬಂದರೆ ನೀರು ತುಂಬಿ ಕೆಲಸ ಬಂದ್. ಕಲ್ಲು ಒಡೆಯುವವರು ಆಕಾಶ ನೋಡಿ ಕೈ ಮುಗಿದು, “ಇನ್ನೆಂಟು ದಿನ ತಡೀಪ್ಪಾ” ಎನ್ನುವ ಹೊತ್ತಿಗೇ ನಾಲ್ಕು ಮೈಲಿ ಆಚೆ ತೊಗರಿ ಬಿತ್ತಿದವರು ಅದೇ ಆಕಾಶಕ್ಕೆ ಅದೇ ಕೈ ಮುಗಿದು, “ಇವತ್ತೇ ಬಾರೋ” ಎನ್ನುತ್ತಿರುತ್ತಾರೆ. ಇಂದ್ರನ ಕಚೇರಿಯಲ್ಲಿ ಕಡತ ಮುಂದೆ ಸರಿಯದಿರುವುದಕ್ಕೆ ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ಕಾಗಿಣಾ ನದಿಯದು ಇನ್ನೊಂದು ತಮಾಷೆ. ಅದು ಹುಟ್ಟುವುದು ತೆಲಂಗಾಣದಲ್ಲಿ. ನಮ್ಮಲ್ಲಿ ಒಂದು ಹನಿ ಇರದಿದ್ದರೂ ಅಲ್ಲಿ ಮಳೆ ಜೋರಾದರೆ ಮಳಖೇಡದಲ್ಲಿ ನೀರು ಏರುತ್ತದೆ, ದಂಡೋತಿಯ ಸೇತುವೆ ಮುಳುಗುತ್ತದೆ, ಚಿತ್ತಾಪುರಕ್ಕೆ ಹೊರಟವರು ಒಣ ಕೊಡೆ ಹಿಡಿದು ದಂಡೆಯಲ್ಲಿ ನಿಲ್ಲುತ್ತಾರೆ. ಮಳಖೇಡವೆಂದರೆ ಅಮೋಘವರ್ಷನ ರಾಜಧಾನಿ, ಮಾನ್ಯಖೇಟ. ಕಾವೇರಿಯಿಂದ ಗೋದಾವರಿಯ ತನಕದ ನಾಡು ಕಣ್ಣ ಮುಂದಿದ್ದ ದೊರೆ ಮಲೆನಾಡಿನ ನೆರಳನ್ನು ಬಿಟ್ಟು ನಮ್ಮ ಏಪ್ರಿಲನ್ನು ಆರಿಸಿಕೊಂಡ ಎಂದಾಗಲೆಲ್ಲ ನನಗೆ ಎದೆ ಉಬ್ಬುತ್ತದೆ. ಆದರೆ ಆ ವಂಶದವರ ಬಿರುದುಗಳನ್ನು ನೋಡಿದರೆ ಬೇರೆಯೇ ಗುಮಾನಿ: ಧಾರಾವರ್ಷ, ಪ್ರಭೂತವರ್ಷ, ಅಮೋಘವರ್ಷ, ಅಕಾಲವರ್ಷ. ಎಲ್ಲರಿಗೂ ಮಳೆಯದೇ ಧ್ಯಾನ. ಹೊಗಳುಭಟರು ಅಕಾಲವರ್ಷ ಎಂದದ್ದು ಹೊತ್ತುಗೊತ್ತಿಲ್ಲದೆ ಕೊಡುವ ದಾನಿ ಎಂಬ ಅರ್ಥದಲ್ಲೇ ಇರಬೇಕು. 2020ರ ಅಕ್ಟೋಬರಿನಲ್ಲಿ ಕಾಗಿಣಾ ಮತ್ತು ಭೀಮಾ ತುಂಬಿ ಬಂದಾಗ, ಕೊಯ್ಲಿಗೆ ಬಂದ ಬೆಳೆ ನೀರಲ್ಲಿ ನಿಂತದ್ದನ್ನು ಕಂಡ ಯಾವ ರೈತನೂ ಆ ಬಿರುದನ್ನು ಮಗನಿಗೆ ಇಡಲಾರ.

ಮಳೆಗಾಲದಲ್ಲಿ ಸುಖವಾಗಿರಬೇಕೆಂದರೆ ಚಿಂಚೋಳಿ ಕಡೆ ಹೋಗಬೇಕು. ಕುಂಚಾವರಂ ಕಾಡು, ಚಂದ್ರಂಪಳ್ಳಿಯ ಕೆರೆ, ಎತ್ತಿಪೋತದ ನೀರು. 2011ರಲ್ಲಿ ಅಲ್ಲಿ ವನ್ಯಜೀವಿಧಾಮ ಆಯಿತು. ಕಲಬುರಗಿ ಜಿಲ್ಲೆಯಲ್ಲಿ ಕಾಡು ಇದೆ ಎಂದರೆ ಮೈಸೂರಿನವರು ನಗುತ್ತಾರೆ, ನಗಲಿ. ಆಗಸ್ಟಿನಲ್ಲಿ ಹೋಗಿ ನೋಡಲಿ. ಮೇ ತಿಂಗಳಲ್ಲಿ ಹೋದರೆ ಅವರು ನಕ್ಕಿದ್ದೇ ಸರಿ ಎನಿಸೀತು. ಗಿಡಗಳೆಲ್ಲ ಎಲೆ ಉದುರಿಸಿ ನಮ್ಮ ಹಾಗೆ ಬರಿಮೈಯಲ್ಲಿ ನಿಂತಿರುತ್ತವೆ.

ಥಂಡಿಯ ಬಗ್ಗೆ ನನಗೆ ದೂರಿಲ್ಲ, ಅವಧಿಯ ಬಗ್ಗೆ ಇದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಂಡು, ಜೋಳದ ಬೆಳೆಯ ಪಕ್ಕ ಬೆನ್ನಿಗೆ ಬಿಸಿಲು ಕೊಟ್ಟು ಕೂತ ಮಧ್ಯಾಹ್ನ ಇದೆಯಲ್ಲ, ಅದೇ ಸೂರ್ಯನ ಜೊತೆ ವರ್ಷದಲ್ಲಿ ಒಂದೇ ಸಲ ರಾಜಿಯಾಗುವ ಹೊತ್ತು. ಆಮೇಲೆ ಸೀತನಿ ತಿನ್ನುವ ದಿನಗಳು ಬಂದು, ಶಾಲು ಮಡಿಕೆ ಬಿಚ್ಚುವಷ್ಟರಲ್ಲಿ ಶಿವರಾತ್ರಿ. ಇದನ್ನು ಕನಿಷ್ಠ ನಾಲ್ಕು ತಿಂಗಳಿಗೆ ಏರಿಸಬೇಕು.

ಉಳಿದದ್ದು ನವೆಂಬರ್. ನನಗೆ ಎಲ್ಲಕ್ಕಿಂತ ಪ್ರೀತಿಯ ಹವೆ ಎಂದರೆ ಮಳೆ ಮುಗಿದ ಮೇಲೆ, ಥಂಡಿ ಇನ್ನೂ ಊರೊಳಗೆ ಕಾಲಿಡುವ ಮೊದಲು, ದಿನವಿಡೀ ಮೋಡ ಕವಿದು ಬಿಸಿಲೇ ಕಾಣದ ನಾಲ್ಕೈದು ದಿನ. ಹಗಲು ಹೊತ್ತಿನಲ್ಲೇ ಸುಸಲಾ, ಮಿರ್ಚಿ ಭಜಿ, ಮೇಲೊಂದು ಚಹಾ. ಇದನ್ನು ಒಮ್ಮೆ ನನ್ನ ಹೆಂಡತಿಯ ಅಣ್ಣನ ಮುಂದೆ ಬಾಯಿಬಿಟ್ಟು ಹೇಳಿದೆ. ಭಾವ ತೊಗರಿ ಬೆಳೆಯುವವನು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಾಗಿನಿಂದ ಅವನ ಮಾತಿಗೆ ತೂಕ ಇನ್ನಷ್ಟು ಹೆಚ್ಚಿದೆ. ತೊಗರಿ ಹೂವಿಗೆ ಬರುವುದು ಅದೇ ಹೊತ್ತಿಗೆ. ಮೋಡ ಕವಿದರೆ, ಮಂಜು ಬಿದ್ದರೆ ಹೂವು ಉದುರುತ್ತದೆ, ಕಾಯಿಗೆ ಹುಳ ಬೀಳುತ್ತದೆ. ಭಾವ ಕೈಯಲ್ಲಿದ್ದ ಭಜಿಯನ್ನು ತಾಟಿನಲ್ಲಿ ವಾಪಸ್ ಇಟ್ಟು, “ಮಾವಾ, ನಿಮ್ಮ ಒಂದು ಕಪ್ ಚಹಾಕ್ಕ ನನಗ ಎಕರೆಗಿ ಎಷ್ಟ್ ಲುಕ್ಸಾನ್ ಆಗ್ತದ ಲೆಕ್ಕ ಹಾಕಿರೇನ್ರಿ? ಮೋಡ ಬೇಕಂದ್ರ ರೊಕ್ಕ ಕಟ್ಟ್ರಿ, ತರಸ್ತೀನಿ” ಎಂದ. ಹೆಂಡತಿ ಕೂಡ ಅಣ್ಣನ ಕಡೆಯೇ.

ಆಗಿನಿಂದ ನವೆಂಬರಿನಲ್ಲಿ ಮೋಡ ಮುಸುಕಿದ ದಿನ ಭಾವ ಮನೆಗೆ ಬಂದರೆ ನಾನು ಮುಖ ಸಣ್ಣದು ಮಾಡಿಕೊಂಡು, ಆಗಾಗ ಆಕಾಶ ನೋಡಿ ಲೊಚಗುಟ್ಟುತ್ತ ಕೂರುತ್ತೇನೆ. ಭಜಿ ಮಾತ್ರ ಅಡುಗೆಮನೆಯಲ್ಲೇ ನಿಂತು ತಿಂದು ಬಂದಿರುತ್ತೇನೆ.