ಜೋಳದ ಸೀಮೆಯಲ್ಲಿ ಬೀರಿನ ಮಾತು

ಸುರಪುರದ ನಮ್ಮ ಪಕ್ಕದ ಮನೆ ಕಾಕಾ ಜನ್ಮದಲ್ಲಿ ಒಂದು ಗುಟುಕು ಬೀರು ಕುಡಿದವರಲ್ಲ. ಆದರೆ ‘ಬೆಂಗಳೂರಾಗ ಹೋಟೆಲಿನೊಳಗೇ ಬೀರು ತಯಾರ್ ಮಾಡ್ತಾರ’ ಎಂದು ಮೊಮ್ಮಗ ಹೇಳಿದ್ದೇ ತಡ, ಕಂಪೌಂಡ್ ಗೋಡೆಗೆ ಬಂದು ಆತುಕೊಂಡರು.

“ಅಲ್ಲಪಾ, ಅದನ್ನ ಯಾತರಿಂದ ಮಾಡ್ತಾರ?”

“ಬಾರ್ಲಿಯಿಂದ್ರಿ ಕಾಕಾ. ನೆನಸಿ, ಮೊಳಕಿ ಬರಸಿ, ಒಣಗಿಸಿ, ಕುದಿಸಿ, ಆಮ್ಯಾಲ ಹುಳಿ ಬರಸ್ತಾರ.”

“ಇಷ್ಟು ಉಸಾಬರಿ ಯಾಕಪ? ಈಚಲ ಗಿಡಕ್ಕ ಸಂಜಿಗೆ ಗಡಿಗಿ ಕಟ್ಟಿದ್ರ ಮುಂಜಾನಿಗೆ ಸಿಂದಿ ಇರ್ತಿತ್ತು!”

ಕಾಕಾ ನಗೆಗೆ ಅಂದರೂ ಗುಟ್ಟು ಅಲ್ಲೇ ಇದೆ. ಕಾಳಿನಲ್ಲಿರುವುದು ಪಿಷ್ಟ; ಮೊಳಕೆ ಬರಿಸಿ ಅದನ್ನು ಸಕ್ಕರೆ ಮಾಡಿಕೊಳ್ಳಬೇಕು. ಈಚಲ ರಸದಲ್ಲಿ ಸಕ್ಕರೆ ಮೊದಲೇ ಉಂಟು, ಗಡಿಗೆಯಲ್ಲಿ ತಾನೇ ಹುಳಿಯೇಳುತ್ತದೆ. ಯಾದಗಿರಿ, ಶಹಾಪುರ, ಸುರಪುರದವರು ಜೋಳ ಬೆಳೆದೂ ಬೀರಿನ ದಾರಿ ಹಿಡಿಯಲಿಲ್ಲವೆಂದರೆ ನನಗೆ ತೋಚುವ ಕಾರಣ ಇದೇ. ಆಗ ಈ ಸೀಮೆಯನ್ನಾಳಿದ ನಿಜಾಮರ ಬೊಕ್ಕಸಕ್ಕಂತೂ ಸಿಂದಿ, ಸಾರಾಯಿಗಳ ಅಬಕಾರಿ ತೆರಿಗೆ ದೊಡ್ಡ ಹುಟ್ಟುವಳಿಯಾಗಿತ್ತು.

ಬೀರು ಈ ಕಡೆ ಬಂದದ್ದು ಗೋರಾ ದಂಡಿನ ಬೆನ್ನುಹತ್ತಿ. ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವ 1915ರಲ್ಲಿ ದಕ್ಷಿಣದ ಐದು ಬೀರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಪೀಪಾಯಿಗಳು ಎತ್ತಿನ ಬಂಡಿಯೇರಿ ದಂಡಿಗೆ ಹೋಗುತ್ತಿದ್ದವು. 1947ರಲ್ಲಿ ವಿಟ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು.

“ಜೋಳದ್ದೂ ಬೀರು ಆಗ್ತದ್ರಿ ಕಾಕಾ.”

“ಹೋಗೋ, ಸುಳ್ಳ ಹೇಳಬ್ಯಾಡ!”

ಸುಳ್ಳಲ್ಲ. ಆಫ್ರಿಕಾದ ಹಳ್ಳಿಗಳಲ್ಲಿ ಹೆಂಗಸರು ಮೊಳಕೆ ಜೋಳದಿಂದ ಬೀರು ಮಾಡುವುದು ಬಲು ಹಳೆಯ ರೂಢಿ. 1988ರಲ್ಲಿ ನೈಜೀರಿಯಾ ಸರಕಾರ ಹೊರದೇಶದ ಬಾರ್ಲಿಗೆ ಬಾಗಿಲು ಹಾಕಿದಾಗ ದೊಡ್ಡ ಕಂಪನಿಗಳೂ ಜೋಳಕ್ಕೇ ಕೈಯೊಡ್ಡಿದವು. ಐರ್ಲೆಂಡಿನ ಹೆಸರುವಾಸಿ ಗಿನ್ನೆಸ್ ಸಹ.

“ಹಂಗಾರ ನಮ್ಮ ಜೋಳಕ್ಕೂ ರೇಟ್ ಬರ್ತದನು?” ಕಾಕಾನ ಲೆಕ್ಕ ಎಲ್ಲಿದ್ದರೂ ಹೊಲಕ್ಕೇ ಬಂದು ನಿಲ್ಲುತ್ತದೆ.

ಕುಡಿತದಿಂದ ಬರೋ ರೇಟ್ ನಮಗ ಬ್ಯಾಡ್ರಿ ಅಂದೆ ನಾನು. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಮನೆಮನೆಯ ಹೆಂಗಸರು ನಿಟ್ಟುಸಿರು ಬಿಟ್ಟರು. ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಸಿಂದಿ ಅಂಗಡಿಯಲ್ಲೇ ಸಿಗುತ್ತದೆ ನಿಜ. ಅದರಲ್ಲಿ ನಿದ್ದೆ ಗುಳಿಗೆಯ ಪುಡಿ ಬೆರೆಸಿ ಸಿಕ್ಕಿಬಿದ್ದ ಸುದ್ದಿಯೂ ಆ ಕಡೆಯಿಂದಲೇ ಬರುತ್ತದೆ. ಜೋಳವಾದರೂ ಈಗ ಎಷ್ಟು ಉಳಿದಿದೆ? ನಾರಾಯಣಪುರದ ಕಾಲುವೆ ನೀರು ಹರಿದ ಮೇಲೆ ಶಹಾಪುರ, ಸುರಪುರದ ಹೊಲಗಳಿಗೆ ಭತ್ತ, ಹತ್ತಿ ನುಗ್ಗಿವೆ. ಉಳಿದ ನಾಲ್ಕು ಚೀಲ ಜೋಳ ರೊಟ್ಟಿಗೇ ಇರಲಿ.