ಮೂರು ಕೊಂಬಿನ ಬಸ್ಸು

ಆಟದ ಬಸ್ಸು ಎಂಜಿನ್ ಇಲ್ಲದೆಯೂ ಓಡೀತು, ಬೋರ್ಡಿಲ್ಲದೆ ಓಡುವುದಿಲ್ಲ. ಅಕ್ಕನ ಮಗ 1:50 ಅಳತೆಯಲ್ಲಿ ಗೇಣುದ್ದದ ಕೆಂಪು ಬಸ್ಸು ಕಟ್ಟಿದ್ದ. ಸೀಟು, ಕಂಬಿ, ಹತ್ತುವ ಮೆಟ್ಟಿಲು ಎಲ್ಲ ಇದ್ದವು. ಆದರೂ ಬಂದವರೆಲ್ಲ ಕೇಳಿದ್ದು ಒಂದೇ: ‘ಎಲ್ಲಿಗೋಯ್ತದೆ?’ ಮುಡುಕುತೊರೆಯವರು ಬಣ್ಣಕ್ಕೆ ಮರುಳಾಗುವವರಲ್ಲ. ಮಲ್ಲಿಕಾರ್ಜುನನ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ, ವಯಸ್ಸು ಹೇಳುವ ಜನ.

ಕುಂಚ ಹಿಡಿದು ಬರೆಯೋಣವೆಂದರೆ, ನಂಬರ್ ಪ್ಲೇಟಿನ ಅಕ್ಷರ ಕಾನೂನಿನಂತೆ 65 ಮಿಲಿಮೀಟರ್. ಐವತ್ತರಿಂದ ಭಾಗಿಸಿದರೆ 1.3. ಅದಕ್ಕೇ ಡೆಕಾಲ್. ಅಂಟು ಸವರಿದ ಕಾಗದ, ಅದರ ಮೇಲೆ ಈರುಳ್ಳಿ ಪೊರೆಯಂಥ ಪದರ, ಪದರದಲ್ಲಿ ಅಕ್ಷರ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಅಂಟು ಸಡಿಲವಾದೊಡನೆ ಪದರವನ್ನಷ್ಟೇ ಬಸ್ಸಿನ ಮೇಲಕ್ಕೆ ಜಾರಿಸಬೇಕು. ಬಸ್ಸಿನ ಮೈ ಮೊದಲೇ ನುಣುಪಾಗಿ ಹೊಳೆಯುತ್ತಿರಬೇಕು. ಒರಟು ಬಣ್ಣದ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರದ ಸುತ್ತ ಬೆಳ್ಳಿಯ ಕಲೆ ಏಳುತ್ತದೆ.

ಇನ್ನು ಮನೆಯ ಪ್ರಿಂಟರಿನ ಮಹಿಮೆ. ಅದರಲ್ಲಿ ಬಿಳಿ ಶಾಯಿಯೇ ಇಲ್ಲ. ಬಿಳಿ ಬೇಕೆಂದರೆ ಅದು ಆ ಜಾಗವನ್ನು ಖಾಲಿ ಬಿಟ್ಟು ಸುಮ್ಮನಾಗುತ್ತದೆ. ಹಳದಿ ಬೇಕೆಂದರೆ ಕೊಡುತ್ತದೆ, ಕೆಂಪಿನ ಮೇಲೆ ಕೂತೊಡನೆ ಹಳದಿ ಮಾಯ. ಕೊನೆಗೆ ಬಿಳಿ ಹಾಳೆ ತರಿಸಿ, ಅಕ್ಷರದ ಸುತ್ತ ಕೆಂಪನ್ನೇ ಅಚ್ಚು ಹಾಕಿದ. ಈಗ ಬಸ್ಸಿಗೆ ಎರಡು ಕೆಂಪು, ಒಂದಕ್ಕೊಂದು ಆಗಿಬರದವು.

‘1948ರಲ್ಲಿ ಮೈಸೂರು ಸರ್ಕಾರ 120 ಬಸ್ಸನ್ನ ಒಟ್ಟಿಗೆ ರೋಡಿಗೆ ಬಿಡ್ತು. ನಿನ್ನ ಕೈಲಿ ಒಂದಕ್ಕೆ ಬೋರ್ಡ್ ಹಾಕಕ್ಕಾಗ್ಲಿಲ್ವಲ್ಲೋ’ ಅಂದರು ಭಾವ. ಹುಡುಗ ಮಾತಾಡಲಿಲ್ಲ. ಮಾತಾಡಿದರೆ ಉಸಿರಿಗೆ ಡೆಕಾಲ್ ಹಾರುತ್ತದೆ. ಅದೇ ಕಾರಣಕ್ಕೆ ಫ್ಯಾನೂ ನಿಂತಿತ್ತು. ಮನೆಮಂದಿಯೆಲ್ಲ ಬೆವರಿಕೊಂಡು ಸಾರಿಗೆ ಇಲಾಖೆಗೆ ಸೇವೆ ಸಲ್ಲಿಸುತ್ತಿದ್ದೆವು.

ಸಾರಿಗೆ ಸಂಸ್ಥೆಯ ಲಾಂಛನದ ಗಂಡಭೇರುಂಡ ಹೇಗೋ ಎರಡು ತಲೆ ಉಳಿಸಿಕೊಂಡು ಕೂತಿತು. ತೊಂದರೆ ಕೊಟ್ಟದ್ದು ಊರ ಹೆಸರು. ಮು, ಡು, ಕು ಅಂತ ಸಾಲಾಗಿ ಮೂರು ಕೊಂಬು. ಪದರದ ಅಂಚು ಕಾಣಬಾರದೆಂದು ಒತ್ತಿ ಕತ್ತರಿಸುವಾಗ ನಡುವಿನ ಕೊಂಬು ಕತ್ತರಿಯ ಪಾಲಾಗಿ ‘ಮುಡಕುತೊರೆ’ ಆಯಿತು. ಭಾವ ಬಗ್ಗಿ ನೋಡಿ, ‘ಕೊಂಬು ಮುರಿದದ್ದನ್ನ ನಮ್ಮ ಜಾತ್ರೇಲಿ ಯಾರೂ ಕೊಳ್ಳಲ್ಲ’ ಅಂದರು.

ಎರಡನೆಯದನ್ನು ಮೂರೂ ಕೊಂಬು ಸಮೇತ ಕೂರಿಸಿ, ಮೆದುಗೊಳಿಸುವ ದ್ರಾವಣ ಹಚ್ಚಿದ. ಹಚ್ಚಿದೊಡನೆ ಪದರ ಮುದುಡಿಕೊಂಡಿತು. ಇದು ಅದರ ಗುಣ. ನೋಡಿದವರ ಜೀವ ಬಾಯಿಗೆ ಬರುತ್ತದೆ, ಬೆರಳು ಹಾಕಿದವರು ಕೆಟ್ಟರು. ಹಾಗೇ ಬಿಟ್ಟರೆ ಒಣಗುತ್ತ ತಾನೇ ಬಿಗಿದು ಸಂದುಗೊಂದಿಗೆಲ್ಲ ಅಂಟಿಕೊಳ್ಳುತ್ತದೆ. ಇದೇನೂ ಗೊತ್ತಿಲ್ಲದ ಅವ್ವ ಸುಕ್ಕು ಬಿಡಿಸಲು ಸೆರಗು ಹಿಡಿದು ಬಂದಳು. ಇಬ್ಬರು ಸೇರಿ ಅವಳನ್ನು ತಡೆದೆವು.

ಬೆಳಿಗ್ಗೆ ಬೋರ್ಡು ಬರೆದಿಟ್ಟ ಹಾಗೆ ಕೂತಿತ್ತು: ಮೈಸೂರು – ತಿ. ನರಸೀಪುರ – ಮುಡುಕುತೊರೆ. ಅವ್ವ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿ ಮುಗಿಸಿದಳು. 2023ರ ಜೂನ್ 11ರಿಂದ ಅವಳಿಗೆ ಬಸ್ಸಿನ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ.

‘ಎಂಗಸ್ರಿಗೆ ಫ್ರೀ ಏನ್ಲಾ?’

‘ಕೆಂಪ್ ಬಸ್ ಅಲ್ವಾ ಅಜ್ಜಿ, ಫ್ರೀನೇ.’

‘ಹಂಗಾರೆ ಇನ್ನೊಂದ್ ಚೂರು ದೊಡ್ದಾಗಿ ಮಾಡ್ಬಾರ್ದಿತ್ತಾ? ನಿಂತ್ಕೊಳಕ್ಕೂ ಜಾಗ ಸಿಕ್ಕಲ್ಲ ಕಣ್ಲಾ!’