ಒಸಡಿಗೊಂದು ಕ್ಷೌರ

ಕನ್ನಡದಲ್ಲಿ ಹಲ್ಲು ಕಡಿಯಬಹುದು, ಮಸೆಯಬಹುದು, ಗಿಂಜಬಹುದು, ಉದುರಿಸಲೂಬಹುದು. ಒಸಡಿಗೆ ಮಾತ್ರ ಇಂಥ ಯಾವ ಮರ್ಯಾದೆಯೂ ಇಲ್ಲ. ಅದು ಹೊಲದ ಬದುವಿದ್ದ ಹಾಗೆ. ಒತ್ತುವರಿಯಾದ ಮೇಲೆಯೇ ಅದರ ನೆನಪು.

ಹೊಳಲ್ಕೆರೆಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರ ಬಾಯಲ್ಲಿ ಆದದ್ದೂ ಒತ್ತುವರಿಯೇ. ಮೇಲಿನ ಒಸಡು ದಪ್ಪಗೆ ಬೆಳೆದು ಮುಂದಿನ ಹಲ್ಲುಗಳ ಅರ್ಧ ಮುಚ್ಚಿತ್ತು. ಊರಿನ ಬಯಲು ಗಣಪತಿಗೆ ಕೈಮುಗಿಯುವಾಗೆಲ್ಲ "ಏಕದಂತನಿಗೆ ನನ್ನ ಕಷ್ಟ ಹೇಗೆ ತಿಳಿದೀತು" ಎಂದು ಗೊಣಗುತ್ತಿದ್ದರು. ಕಳ್ಳ ಸಿಕ್ಕಿದ್ದು ಚಿತ್ರದುರ್ಗದ ದಂತವೈದ್ಯೆ ಮಾತ್ರೆ ಚೀಟಿ ಕೇಳಿದಾಗ. ಬಿ.ಪಿ.ಗೆಂದು ನುಂಗುವ ಅಮ್ಲೋಡಿಪಿನ್ ಕೆಲವರಲ್ಲಿ ಒಸಡನ್ನು ಬೆಳೆಸುತ್ತದೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್‌ಗೂ ಇದೇ ಚಾಳಿ. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿದ್ದರಂತೂ ಗೊಬ್ಬರ ಹಾಕಿದಂತೆ. ಬಿ.ಪಿ. ಡಾಕ್ಟರು ಮಾತ್ರೆ ಬದಲಿಸಿದರು, ಹಲ್ಲು ಕ್ಲೀನಾಯಿತು. ಉಳಿದ ಉಬ್ಬನ್ನು ಲೇಸರಿನಿಂದ ತಿದ್ದುವುದೆಂದು ತೀರ್ಮಾನವಾಯಿತು.

ನೋವು ಶುರುವಾದದ್ದು ಕಾಯುವ ಬೆಂಚಿನ ಮೇಲೆ.

ಪಕ್ಕದಲ್ಲಿದ್ದ ಹಿರಿಯೂರಿನವರು, "ನಮ್ ಭಾವನಿಗೆ ಮಾಡ್ಸಿದ್ವಿ ಸಾರ್, ವಾಣಿ ವಿಲಾಸ ಸಾಗರ ಕೋಡಿ ಬಿದ್ದಂಗೆ ರಕ್ತ" ಎಂದರು. ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿ, "ಅದು ಕತ್ತೀಲಿ ಕುಯ್ದಾಗ ಕಣ್ರೀ. ಇದ್ರಲ್ಲಿ ತೊಟ್ಟೂ ಬರಲ್ಲ" ಎಂದು ತೇಲಿಸಿದರು. ಮೇಷ್ಟ್ರು ಲೆಕ್ಕ ಹಾಕಿದರು. 1933ರಲ್ಲಿ ಕೋಡಿ ಹರಿದ ಜಲಾಶಯ ಮತ್ತೆ ಹರಿದದ್ದು 2022ರಲ್ಲಿ. 89 ವರ್ಷ ಕಾಯಿಸಿ ಬರುವ ರಕ್ತಕ್ಕೆ ಈಗಲೇ ಹೆದರುವುದೇಕೆ?

ನಿಜವಾದ ಚುಚ್ಚು ಸೂಜಿಯದು. ಒಸಡಿಗೆ ಮರಗಟ್ಟಿಸುವ ಜೆಲ್ ಸವರಿದರೂ, ಲಿಗ್ನೊಕೇನ್ ತುಂಬಿದ ಸೂಜಿ ತುಟಿಯಡಿ ನುಸುಳಿದಾಗ ಮೇಷ್ಟ್ರ ನಾಲಿಗೆ ಕಿಂಡಿ ಕಾಯುವ ಓಬವ್ವನಂತೆ ಎದ್ದು ನಿಂತಿತು. ಒನಕೆ ಇರಲಿಲ್ಲ, ಸೋತಿತು.

ಆಮೇಲೆ ಎಲ್ಲರಿಗೂ ಕಪ್ಪು ಕನ್ನಡಕ. ವೈದ್ಯೆಯ ಕೈಯಲ್ಲಿ ಪೆನ್ನಿನಂಥ ಹಿಡಿ, ಅದರ ತುದಿಯಲ್ಲಿ ತೆಳ್ಳನೆಯ ಗಾಜಿನ ಎಳೆ. ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದಿಂದ ಮೊದಲ ಲೇಸರ್ ಹೊಮ್ಮಿಸಿದನೆಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆದವರು, ಈಗ ಅದರ ಮೊಮ್ಮಗನಿಗೆ ಬಾಯಿ ಕೊಟ್ಟು ಮಲಗಿದ್ದರು. ಒಸಡಿಗೆ ಸಾಮಾನ್ಯವಾಗಿ ಬಳಸುವ ಡಯೋಡ್ ಲೇಸರಿನ ತರಂಗಾಂತರ 810ರಿಂದ 980 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಕೆಂಪು ಚುಕ್ಕೆ ಗುರಿ ತೋರಿಸಲಷ್ಟೇ. ಕೆಲಸ ಮಾಡುವ ಕಿರಣ ಕಾಣುವುದಿಲ್ಲ. ಅದರ ಬಿಸಿಗೆ ಒಸಡು ಕೊಯ್ದುಕೊಳ್ಳುತ್ತಲೇ ರಕ್ತನಾಳಗಳ ಬಾಯಿಯೂ ಮುಚ್ಚಿಕೊಳ್ಳುತ್ತದೆ. ಹೊಲಿಗೆಯ ಪ್ರಮೇಯ ಸಾಮಾನ್ಯವಾಗಿ ಇಲ್ಲ. ಹೊಸದುರ್ಗದವರು ಹೇಳಿದ್ದು ಹೆಚ್ಚುಕಡಿಮೆ ಸರಿ.

"ನೋವಾದ್ರೆ ಎಡಗೈ ಎತ್ತಿ ಸಾರ್" ಎಂದಿದ್ದರು ವೈದ್ಯೆ. ಮಕ್ಕಳಿಗೆ ಕೈಯೆತ್ತಿಸಿ ಅಭ್ಯಾಸವಾದವರು ತಾವೇ ಕೈಯೆತ್ತಿದರು. ಯಂತ್ರ ನಿಂತಿತು.

"ನೋವಾ ಸಾರ್?"

ಅಲ್ಲ, ವಾಸನೆ. ಮಾರಿಹಬ್ಬದ ಮಾರನೇ ದಿನ ಬೀದಿಯಲ್ಲಿ ತಲೆಕಾಲು ಸುಡುವಾಗ ಬರುತ್ತದಲ್ಲ, ಅದರ ತಮ್ಮ.

"ಅದು ನಿಮ್ಮದೇ ಸಾರ್" ಎಂದು ಆಕೆ ಮುಂದುವರಿಸಿದರು.

ವಾಪಸ್ ಬಸ್ಸಿನಲ್ಲಿ ಮೇಲ್ದುಟಿಯೇ ನಾಪತ್ತೆ. ಅದರೊಂದಿಗೆ ಪ, ಬ, ಮ ಅಕ್ಷರಗಳೂ. ಹೊಳಲ್ಕೆರೆ ಎಂಬುದರಲ್ಲಿ ಇವ್ಯಾವುವೂ ಇಲ್ಲದ್ದರಿಂದ ಟಿಕೆಟ್ ಸಿಕ್ಕಿತು. ಭೀಮಸಮುದ್ರಕ್ಕೆ ಹೋಗಬೇಕಿದ್ದರೆ ಅಂದು ದುರ್ಗದಲ್ಲೇ ವಾಸ್ತವ್ಯ.

ಮಂಪರು ಇಳಿದ ಮೇಲೆ ಉರಿ ಬಂತು. ಒಂದೆರಡು ದಿನದ್ದು, ಡಾಕ್ಟರು ಬರೆದ ಮಾತ್ರೆಗೆ ಬಗ್ಗುವಂಥದ್ದು. ಬಗ್ಗದ್ದು ಪಥ್ಯ. ಬಿಸಿ, ಖಾರ, ಗರಿಗರಿ ಮೂರೂ ಬೇಡ. ಮುದ್ದೆಯನ್ನು ಈ ಸೀಮೆಯಲ್ಲಿ ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಒಸಡಿನ ರೋಗಿಗೆ ಹೇಳಿ ಮಾಡಿಸಿದ ಊಟ ಎಂದು ಮೇಷ್ಟ್ರು ವಾದ ಹೂಡಿದರು. "ಆರಿಸಿ ನುಂಗಿ, ಸಪ್ಪೆ ಸಾರಿನಲ್ಲಿ" ಎಂದು ಉತ್ತರ ಬಂತು. ಆರಿದ ಮುದ್ದೆ, ಸಪ್ಪೆ ಸಾರು! ಮೇಷ್ಟ್ರಿಗೆ ನೋವೆಂದರೆ ಏನೆಂದು ತಿಳಿದದ್ದು ಆಗ. ಅವರ ಹೆಂಡತಿ ಅಂಬಲಿಗೆ ತಣ್ಣನೆಯ ಮಜ್ಜಿಗೆ ಬೆರೆಸಿ ಕೊಟ್ಟು ಜೀವ ಉಳಿಸಿದರು. ಗಾಯದ ಮೇಲೆ ಹೊಸ ಪದರ ಮೂಡಲು ಒಂದೆರಡು ವಾರ ಬೇಕು; ಮೆಣಸಿನಕಾಯಿ ಬಜ್ಜಿ ಅಲ್ಲಿಯವರೆಗೆ ಕಾಯಿತು.

ಬಿ.ಪಿ. ಮಾತ್ರೆ ನುಂಗುವವರೇ, ಒಸಡು ಉಬ್ಬಿದರೆ ದಂತವೈದ್ಯರಿಗೆ ಚೀಟಿ ತೋರಿಸಿ; ಮಾತ್ರೆಯನ್ನು ಮಾತ್ರ ತಾವಾಗಿ ಬಿಡಬೇಡಿ. ಭೀಮಸಮುದ್ರದವರಾದರೆ ಊರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ.